ಮಗ್ಗದ ಸದ್ದು ಬಿಟ್ಟರೆ

ಠಾಣೆಯಲ್ಲಿ 9ನೇ ತಾರೀಖು ಹೇಳಿಕೆ ಕೊಡುವಾಗ ಒಂದು ವಿಷಯ ಬಿಟ್ಟಿದ್ದೆ. ಇಲ್ಲಿಯೂ ಬಿಡುವವಳಿದ್ದೆ. 7-12-2025ರ ಭಾನುವಾರ ಮಧ್ಯಾಹ್ನ 12.10ಕ್ಕೆ ನಾನು ಲಕ್ಷ್ಮಣಪ್ಪನವರ ಮನೆ ಬಾಗಿಲಲ್ಲಿ ನಿಂತಿದ್ದೆ. ಆರು ನಿಮಿಷ ನಿಂತು, ಅವರು ಹೇಳಿದ್ದನ್ನು ನಂಬಿ, ವಾಪಸು ಬಂದೆ. ಆ ಮನೆಯ ಹುಡುಗಿಯನ್ನು ಪರೀಕ್ಷೆಗೆ ತಲುಪಿಸಲು ಆಗ ಇನ್ನೂ ಸಮಯವಿತ್ತು.

ನನ್ನ ಹೆಸರು ಶಶಿರೇಖಾ, ವಯಸ್ಸು 46, ಹುಟ್ಟಿದ್ದು ಆವತಿ, ವಾಸ ದೊಡ್ಡಬಳ್ಳಾಪುರದ ರೈಲು ನಿಲ್ದಾಣ ರಸ್ತೆ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಮನೆಯಲ್ಲಿ ಪಾಠ ಹೇಳುತ್ತೇನೆ. ಒಂದು ವಾದ ಕೊಟ್ಟು ಅದು ಎಲ್ಲಿ ಸಡಿಲ ಎಂದು ಕೇಳುವ ಪ್ರಶ್ನೆಗಳು ಆ ಪರೀಕ್ಷೆಯಲ್ಲಿ ಇರುತ್ತವೆ. ನಾನು ಕಲಿಸುವುದು ಅದನ್ನೇ. ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಾದ್ದರಿಂದ ಕಚೇರಿಯ ಕನ್ನಡ ನನಗೆ ಅಷ್ಟಾಗಿ ಬಾರದು. ಆದರೂ ಈ ಸಲ ನಾನೇ ಬರೆದು ಜಿಲ್ಲೆಯ ಪೊಲೀಸ್ ಮೇಲಧಿಕಾರಿಗಳಿಗೆ ಕಳುಹಿಸುತ್ತಿದ್ದೇನೆ. ನಡೆದದ್ದು ಹೀಗಿದೆ.

ವಾಣಿ, 18 ವರ್ಷ, ಲಕ್ಷ್ಮಣಪ್ಪನವರ ತಮ್ಮನ ಮಗಳು. ತಂದೆ ಇಲ್ಲ, ತಾಯಿ ಬನಶಂಕರಿ. ದೊಡ್ಡಪ್ಪನ ಮನೆಯಲ್ಲೇ ಇಬ್ಬರ ವಾಸ. ಹಿಂಭಾಗದಲ್ಲಿ ಅವರ ಆರು ವಿದ್ಯುತ್ ಮಗ್ಗಗಳಿವೆ. ವಾಣಿ ಒಂದೂವರೆ ವರ್ಷದಿಂದ ನನ್ನ ವಿದ್ಯಾರ್ಥಿನಿ.

27-11-2025ರಂದು ನಾನು ಮಕ್ಕಳಿಗೆ, ಮನೆಯಲ್ಲಿ ಕಿವಿಗೆ ಬಿದ್ದ ಒಂದು ವಾದವನ್ನು ಬರೆದು ಅದರ ದೋಷ ಹುಡುಕಿ ತನ್ನಿ ಎಂದೆ. ವಾಣಿ ದೊಡ್ಡಪ್ಪನ ಮಾತನ್ನೇ ಬರೆದು ತಂದಳು: ನಮ್ಮ ಅಕ್ಷತ ಡಿಗ್ರಿ ಓದಿದ್ಲು, ಯಾವನನ್ನೋ ಕಟ್ಕೊಂಡು ಹೋದ್ಲು, ಹೆಣ್ಮಕ್ಕಳನ್ನ ಓದಿಸಿದ್ರೆ ಇಷ್ಟೇ. ಕೆಳಗೆ ಅವಳ ಉತ್ತರ: ಓದದೇ ಇದ್ದ ಅಭಿ ಅಣ್ಣನೂ ಓಡಿಹೋದ, ಆದ್ದರಿಂದ ಓದೇ ಕಾರಣ ಎನ್ನಲಾಗದು. ಅಕ್ಷತ ಲಕ್ಷ್ಮಣಪ್ಪನವರ ಮಗಳು, ಅಭಿ ಮಗ. ನಾನು ಕೆಂಪು ಶಾಯಿಯಲ್ಲಿ ಸರಿ ಎಂದು ಬರೆದೆ. ನಗೆಯೂ ಬಂತು.

5-12-2025ರ ಸಂಜೆ ನೆಂಟರ ಮುಂದೆ ಲಕ್ಷ್ಮಣಪ್ಪ ಮತ್ತೆ ಅದೇ ಮಾತು ತೆಗೆದರಂತೆ. ಎಸ್ಸೆಸ್ಸೆಲ್ಸಿ ಮೂರು ಸಲ ಫೇಲಾದ ಅಭಿ ಅಣ್ಣ ಯಾವ ಡಿಗ್ರಿ ಓದಿ ಓಡೋದ ದೊಡ್ಡಪ್ಪ ಎಂದು ವಾಣಿ ಕೇಳಿದಳಂತೆ. ನೆಂಟರು ನಕ್ಕರಂತೆ. ಇದು ತಾಯಿ ಹೇಳಿದ್ದು, ನಾನು ಕಂಡದ್ದಲ್ಲ.

7ರಂದು ಮೂವರು ವಿದ್ಯಾರ್ಥಿಗಳನ್ನು ಯಲಹಂಕದ ಪರೀಕ್ಷಾ ಕೇಂದ್ರಕ್ಕೆ ನನ್ನ ಕಾರಿನಲ್ಲಿ ಕರೆದೊಯ್ಯುವುದಿತ್ತು. 11.45ಕ್ಕೆ ಇಬ್ಬರು ಬಂದರು. ವಾಣಿ ಬರಲಿಲ್ಲ, ಫೋನ್ ಸ್ವಿಚ್ ಆಫ್ ಆಗಿತ್ತು. ಇಬ್ಬರನ್ನೂ ಕೂರಿಸಿಕೊಂಡು ಅವಳ ಮನೆಗೆ ಹೋದೆ. ಲಕ್ಷ್ಮಣಪ್ಪ ಬಾಗಿಲಿಗೆ ಅಡ್ಡ ನಿಂತು, ಹುಡುಗಿಗೆ ಜ್ವರ, ಒಳಗೆ ಮಲಗವ್ಳೆ, ಈಗ ನಿದ್ದೆ ಹತ್ತೈತೆ, ಎಬ್ಬಿಸ್ಬೇಡಿ ಮೇಡಂ, ಮುಂದಿನ ವರ್ಷ ಬರ್ಕೊಂಡ್ರಾಯ್ತು ಎಂದರು. ಆರೂ ಮಗ್ಗ ಓಡುತ್ತಿದ್ದವು. ಅವರ ಮಾತು ಕೇಳಿಸದೆ ಎರಡು ಸಲ ಹೇಳಿಸಿಕೊಂಡೆ.

ಆ ಮನೆಯಲ್ಲಿ ಭಾನುವಾರ ಮಗ್ಗ ಓಡಿಸುವುದಿಲ್ಲ. ಭಾನುವಾರ ಒಂದಿನಾನೇ ಮನೇಲಿ ಓದೋಕಾಗೋದು ಮಿಸ್ ಎಂದು ವಾಣಿ ಎಷ್ಟೋ ಸಲ ಹೇಳಿದ್ದಳು. ಜ್ವರದ ಹುಡುಗಿ ಆ ಸದ್ದಿನಲ್ಲಿ ಹೇಗೆ ಮಲಗುತ್ತಾಳೆ ಎಂದು ನಾನು ಕೇಳಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಅವಳ ನೀರಿನ ಬಾಟಲಿ ಇತ್ತು, ಲೇಬಲ್ ಕಿತ್ತಿತ್ತು. ಪರೀಕ್ಷಾ ಕೊಠಡಿಗೆ ಲೇಬಲ್ ಇಲ್ಲದ ಬಾಟಲಿಯನ್ನು ಮಾತ್ರ ಬಿಡುತ್ತಾರೆ. ಜ್ವರ ಬಂದು ಮಲಗುವವರು ಕೂತು ಲೇಬಲ್ ಕೀಳುವುದಿಲ್ಲ. ಇಷ್ಟನ್ನೂ ನೋಡಿ, ಸರಿ, ಹುಷಾರಾಗಲಿ ಎಂದು ಹೇಳಿ ಬಂದೆ. ಕೇಂದ್ರ 24 ಕಿಲೋಮೀಟರ್ ದೂರ. 1.05ಕ್ಕೆ ತಲುಪಿದೆವು. ಗೇಟು ಮುಚ್ಚಿದ್ದು 1.30ಕ್ಕೆ.

8ರ ಬೆಳಿಗ್ಗೆ 6.30ಕ್ಕೆ ಬನಶಂಕರಿ ನನ್ನ ಮನೆಗೆ ಬಂದರು. ಭಾನುವಾರ ಹತ್ತು ಗಂಟೆಗೆ ಭಾವ ವಾಣಿಯನ್ನು ಮಗ್ಗದ ಹಿಂದಿನ ನೂಲಿನ ಕೋಣೆಗೆ ತಳ್ಳಿ ಚಿಲಕ ಹಾಕಿದರು, ಅವಳು ಬಾಗಿಲು ಬಡಿಯಲು ಶುರುಮಾಡಿದ ಮೇಲೆ ಮಗ್ಗ ಹಾಕಿದರು, ಸಂಜೆ ನಾಲ್ಕಕ್ಕೆ ತೆಗೆದರು ಎಂದರು. ಬಡಿದೂ ಬಡಿದೂ ಕೈ ಊದ್ಕೊಂಡೈತೆ ಮಿಸ್, ಈಗ್ಲೂ ಹೊಸ್ಲು ದಾಟಕ್ಕೆ ಬಿಡ್ತಿಲ್ಲ, ಫೋನೂ ಕಿತ್ಕೊಂಡವ್ರೆ, ನಾನೇ ಹೇಳ್ದೆ ಅಂತ ಬರ್ಕೊಳ್ಳಿ, ನಂಗೇನು ಭಯ ಇಲ್ಲ ಎಂದರು. ಸೆರಗಿನೊಳಗಿಂದ ಇನ್ನೊಂದು ಪ್ರವೇಶ ಪರೀಕ್ಷೆಯ ಹಾಲ್ ಟಿಕೆಟ್ ತೆಗೆದು ಕೊಟ್ಟರು. ಭಯವಿಲ್ಲ ಎಂದವರು ನನ್ನ ಮನೆಯ ಹಿಂಬಾಗಿಲಿನಿಂದ ಹೋದರು.

9ರ ಬೆಳಿಗ್ಗೆ 11ಕ್ಕೆ ನಮ್ಮ ಸರಹದ್ದಿನ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಬೈರೇಶ್ ಅವರ ಮುಂದೆ, ನಾನು ಬಾಗಿಲವರೆಗೆ ಹೋಗಿ ವಾಪಸು ಬಂದದ್ದೊಂದನ್ನು ಬಿಟ್ಟು, ಇದನ್ನೆಲ್ಲ ಹೇಳಿದೆ. ಅವರು ಆ ಬೀದಿಗೆ ಹೋಗಿ ಬಂದು ಸಂಜೆ 4.20ಕ್ಕೆ ನನ್ನನ್ನು ಕರೆದು, ನೆರೆಯವರಿಗೆ ಯಾವುದೇ ಸದ್ದು ಕೇಳಿಸಿಲ್ಲ, ಆದುದರಿಂದ ಯುವತಿ ಸ್ವಇಚ್ಛೆಯಿಂದ ಮನೆಯಲ್ಲಿ ಉಳಿದಿರುತ್ತಾಳೆ ಎಂದು ಬರೆದದ್ದನ್ನು ಓದಿ ಸಹಿ ಕೇಳಿದರು. ಮನೆ ವಿಷ್ಯ ಮೇಡಂ, ಕೂಗಿದ್ರೆ ಪಕ್ಕದ್ಮನೆಗೆ ಕೇಳ್ತಿರ್ಲಿಲ್ವಾ, ಲಾಜಿಕ್ ಹೇಳ್ಕೊಡೋರು ನೀವೇ ಹಿಂಗಂದ್ರೆ ಹೆಂಗೆ ಎಂದರು. ನಾನು ಸಹಿ ಮಾಡಲಿಲ್ಲ.

5.30ಕ್ಕೆ ಲಕ್ಷ್ಮಣಪ್ಪನವರ ಪಕ್ಕದ ಮನೆಯ ಭಾಗ್ಯಮ್ಮನವರನ್ನು ಕಂಡೆ. ಮಗ್ಗದ ಸದ್ದು ಬಿಟ್ರೆ ಇನ್ನೇನೂ ಕೇಳಿಸ್ಲಿಲ್ಲ ಅಂತ ಪೊಲೀಸ್ನೋರ್ಗೆ ಅಂದೆ ಕಣಮ್ಮ, ನಮ್ಮನೆ ಟೀವೀನೇ ಕೇಳಿಸ್ತಿರ್ಲಿಲ್ಲ, ಭಾನ್ವಾರಾನೂ ಯಾಕೆ ಓಡಿಸ್ತಾನೋ ಅಂತ ಬೈಕೊಂಡೆ ಎಂದರು. ಠಾಣೆಯ ಕಾಗದದಲ್ಲಿ ಮಗ್ಗ ಇರಲಿಲ್ಲ.

ಕೇಳಿಸಲಿಲ್ಲ ಎಂದರೆ ಕೂಗಲಿಲ್ಲ ಎಂದಾಗುವುದಿಲ್ಲ. ಕೂಗಲೇ ಇಲ್ಲ ಎಂದಿಟ್ಟುಕೊಂಡರೂ ಒಪ್ಪಿದಳು ಎಂದಾಗುವುದಿಲ್ಲ. ನನ್ನ ತರಗತಿಯಲ್ಲಿ ಇಂಥದಕ್ಕೆ ಅರ್ಧ ನಿಮಿಷ ಕೊಡುತ್ತೇನೆ. ಈ ಕೋಪದಲ್ಲಿ ನನ್ನ ಮೇಲಿನದು ಎಷ್ಟು ಎಂದು ಎರಡು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಅರ್ಧಕ್ಕಿಂತ ಹೆಚ್ಚಿರಬಹುದು. ಹಾಗೆಂದು ಚಿಲಕ ಹಾಕಿದ್ದು ನಾನಲ್ಲ.

ವಾಣಿಯ ಇನ್ನೊಂದು ಪರೀಕ್ಷೆ 14ರ ಭಾನುವಾರ ಬೆಳಿಗ್ಗೆ 10ಕ್ಕೆ ಇದೆ. ಹಾಲ್ ಟಿಕೆಟ್ ನನ್ನ ಬಳಿ ಇದೆ. ಈ ವರ್ಷಕ್ಕೆ ಅವಳಿಗೆ ಉಳಿದಿರುವುದು ಅದೊಂದೇ. 13ರೊಳಗೆ ಮಹಿಳಾ ಅಧಿಕಾರಿಯೊಬ್ಬರು ಆ ಮನೆಗೆ ಹೋಗಿ ಹುಡುಗಿಯನ್ನೇ ಬೇರೆಯಾಗಿ ಕೂರಿಸಿ ಕೇಳಬೇಕು. ಕೇಳುವ ಮೊದಲು ಮಗ್ಗ ನಿಲ್ಲಿಸಬೇಕು.

ನಾನು ಕಂಡದ್ದನ್ನು ಕಂಡೆ ಎಂದೂ ಇತರರು ಹೇಳಿದ್ದನ್ನು ಹೇಳಿದರು ಎಂದೂ ಬರೆದಿದ್ದೇನೆ. ಎರಡು ಸಲ ಓದಿ ನೋಡಿದ್ದೇನೆ, ಸುಳ್ಳಿಲ್ಲ. ನನಗೆ ನಾಚಿಕೆ ತರುವುದನ್ನೂ ಹೊಡೆದುಹಾಕಿಲ್ಲ.

ಸ್ಥಳ: ದೊಡ್ಡಬಳ್ಳಾಪುರ
ಬರೆದದ್ದು: 10-12-2025
ಸಹಿ: ಶಶಿರೇಖಾ
ಸ್ಪೀಡ್ ಪೋಸ್ಟ್‌ಗೆ ಹಾಕುವುದು: 11-12-2025, ಗುರುವಾರ, ಅಂಚೆ ಕಚೇರಿ ತೆರೆದ ಕೂಡಲೇ