ಬಾಗಿಲ ಹಿಂದಿನ ದನಿ

ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುತ್ತಿದ್ದ ನರ್ಸಮ್ಮನ ನಿದ್ದೆ ಹಾರಿದ್ದು ಮುಂದಿನ ಸೀಟಿನ ಹುಡುಗಿಯರ ಮಾತಿಗೆ. ಒಬ್ಬಳ ಕೊರಳಲ್ಲಿ ಹೆಡ್‌ಫೋನು, ಇನ್ನೊಬ್ಬಳ ಮಡಿಲಲ್ಲಿ ಮೇಕಪ್ ಪೆಟ್ಟಿಗೆ. ಕಾಲೇಜಿನಲ್ಲಿ ತಾವೇ ಮಾಡಿದ ಟಿವಿ ಧಾರಾವಾಹಿಯ ಟ್ರೈಲರಿನ ವಿಷಯ. ನರ್ಸಮ್ಮ ಕಣ್ಣು ಮುಚ್ಚಿಕೊಂಡೇ ಕಿವಿ ತೆರೆದಳು.

“ನೋಡಿದೋರೆಲ್ಲರದ್ದೂ ಒಂದೇ ಮಾತು ಕಣೇ,” ಎಂದಳು ಹೆಡ್‌ಫೋನಿನವಳು. “ವಿಲನ್ನು ಬಾಗಿಲ ಹಿಂದೆ ನಿಂತು ಎಷ್ಟು ಕೂಗಾಡಿದ್ರೂ ಭಯಾನೇ ಆಗಲ್ಲ ಅಂತ.”

“ನಮ್ಮ ಡೈರೆಕ್ಟರ್ ಸಾಹೇಬ್ರು ಏನಂದ್ರು?”

“ಜನ ಹೇಳಿದ ಹಾಗೆ ಸರಿಮಾಡು, ನನ್ನ ತಲೆ ತಿನ್ಬೇಡ ಅಂದ. ಸರಿಮಾಡ್ದೆ. ವಿಲನ್ನಿನ ದನಿ ತೆಗೆದು ಆ ಡೈರೆಕ್ಟರದ್ದೇ ಹಾಕ್ದೆ.”

“ಅವನದ್ದಾ?”

“ಅವತ್ತು ಶೂಟಿಂಗಲ್ಲಿ ಎಲ್ಲರೆದುರು ನಿನ್ನ ಮೇಲೆ ಹರಿಹಾಯ್ದನಲ್ಲ, ಮೈಕ್ ಆನ್ ಇತ್ತು.”



“ನಾಳೆ ಟ್ರೈಲರ್ ಹಾಕಿದ ಕೂಡ್ಲೇ ಇಡೀ ಕಾಲೇಜಿಗೆ ಗೊತ್ತಾಗಿಬಿಡುತ್ತಲ್ಲೇ!”

“ಆಗ್ಲಿ. ಮಾಡಿದ್ದುಣ್ಣೋ ಮಹರಾಯ.”

“ಸೇಡು ತೀರಿಸ್ಕೊಂಡ್ರು ಅಂತಾರೆ.”

“ಸೇಡೇ. ಆದ್ರೆ ದನಿ ಬದಲಿಸಿದ ಟ್ರೈಲರನ್ನೂ ಜನಕ್ಕೆ ತೋರಿಸಿ ಕೇಳಿದೀನಿ. ಇವತ್ತು ನೋಡಿದೋರಲ್ಲಿ ಅವನ ತಂಗೀನೂ ಇದ್ಲು.”

“ಅಯ್ಯೋ! ಗುರುತು ಹಿಡಿದ್ಲಾ?”

“ದನಿ ಬಂದ ಕೂಡ್ಲೇ ಬೆಚ್ಚಿಬಿದ್ಲು.”

“ತೆಗೆದುಹಾಕಿ ಅಂದ್ಲಾ?”

ಸ್ಟಾಪು ಬಂತು. ಇಬ್ಬರೂ ಎದ್ದರು.

“‘ಮನೇಲಿ ಇದಕ್ಕಿಂತ ಜೋರಾಗಿರುತ್ತೆ ಅಕ್ಕಾ, ಇನ್ನೂ ಸ್ವಲ್ಪ ಏರಿಸಿ’ ಅಂದ್ಲು.”

“ಏರಿಸಿದ್ಯಾ?”

“ಮತ್ತೆ? ಜನ ಹೇಳಿದ್ಮೇಲೆ ಕೇಳ್ಬೇಕಲ್ವಾ,” ಎನ್ನುತ್ತಾ ಹೆಡ್‌ಫೋನಿನವಳು ಇಳಿದುಹೋದಳು.