ಒಂದು ಒಣ ಮೂಲೆ

"ಐದನೇ ಸಲವೂ ಕೊಳೆಸಬೇಕಾ ಅತ್ತೆ? ಬೇಸಿಗೇಲಿ ಈ ಐರಿಸ್ ಹೂವಿನ ಗಡ್ಡೆಗೆ ಹನಿ ನೀರೂ ಸೋಕಬಾರದು!"

ಸಮರ್ಕಂದದ ನಿಲ್ದಾಣದಲ್ಲಿ ಸೀಟು ತುಂಬಲು ಇನ್ನೊಬ್ಬ ಗಿರಾಕಿಗಾಗಿ ಕಾಯುತ್ತಿದ್ದ ಶೇರ್ ಟ್ಯಾಕ್ಸಿಯ ಚಾಲಕ ಎರ್ಗಶ್ ಕನ್ನಡಿಯಲ್ಲಿ ನೋಡಿದ. ಹಿಂದಿನ ಸೀಟಿನಲ್ಲಿ ಅತ್ತೆ, ಸೊಸೆ ಇಬ್ಬರೂ ಕೂತಿದ್ದರು; ಸೊಸೆ ಮುನೀಸಾಳ ಮಡಿಲಲ್ಲಿ ಬೆಟ್ಟದ ತವರಿನಿಂದ ಆಗಷ್ಟೇ ಬಂದ ಗಡ್ಡೆಗಳ ಗಂಟಿತ್ತು.

"ನಾನೆಲ್ಲೇ ಕೊಳೆಸಿದೆ? ದಿನಾ ನಸುಕಿಗೆ ಅಂಗಳಕ್ಕೆ ನೀರು ಹಾಕಿ ಗುಡಿಸೋಳು ನೀನು."

"ಒಂದಿನ ಬಿಟ್ರೆ ಸೋಮಾರಿ ಸೊಸೆ ಅಂತ ಬೀದಿಗೆಲ್ಲ ಸಾರ್ತೀರಲ್ಲ!"

"ಸಾರದೆ ಇನ್ನೇನು? ಗುಲಾಬಿ ನೆಡು. ನಮ್ಮ ಅಂಗಳಕ್ಕೆ ಅದೇ ಶೋಭೆ. ಬೆಟ್ಟದ ಕಳೆ ಯಾರಿಗೆ ಬೇಕು?"

"ಒಂದು ಮೂಲೆ ಒಣಗಿರಲಿ ಅತ್ತೆ. ಅಷ್ಟೇ ಕೇಳ್ತಿರೋದು."

"ಒಣ ಮೂಲೆ ಇದ್ರೆ ಅದು ಮನೆಯೇನೇ?"

ಮುನೀಸಾ ಗಂಟನ್ನೆತ್ತಿಕೊಂಡು ಇಳಿದಳು. "ಇದನ್ನ ತಂದ ಬೆಟ್ಟದ ಕಾರು ಹೊರಟುಹೋಯ್ತಾ ಅಣ್ಣಾ?"

ಇನ್ನೂ ಆಚೆ ನಿಂತಿದ್ದ ಕಾರಿನತ್ತ ಎರ್ಗಶ್ ಕೈ ತೋರಿಸಿದ. ಮುನೀಸಾ ಅತ್ತ ನಡೆದಳು.

"ಬರ್ತಾಳೆ, ಸ್ವಲ್ಪ ತಾಳಪ್ಪಾ," ಎಂದಳು ಅತ್ತೆ.

ಬೆಟ್ಟದ ಕಾರು ಹೊರಟಿತು. ಎರ್ಗಶ್ ಕಾಯುತ್ತಿದ್ದ ಗಿರಾಕಿಯೂ ಬಂದ. ಆದರೂ ಟ್ಯಾಕ್ಸಿಯಲ್ಲಿ ಒಂದು ಸೀಟು ಖಾಲಿಯೇ ಉಳಿಯಿತು.