ಬಾಯಿಮಾತಿಗೆ ಕರೆದದ್ದು

ಆ ಬಾಗಿಲು ಸ್ವಲ್ಪ ಮುಂದಕ್ಕೆ ಹಾಕ್ರಪ್ಪ... ಪೂರ್ತಿ ಬೇಡ, ಗಾಳಿ ಆಡ್ಲಿ. ಲೈಟು ಹಂಗೇ ಇರ್ಲಿ. ಇದು ಯಾರೋ ಎಲ್ಲೋ ಕಂಡಿದ್ದಲ್ಲ. ಜಂಗಮಕೋಟೆ ಆಚೆ, ನಮ್ಮ ಪಕ್ಕದ ಮನೆ ಮುನಿಶಾಮಮ್ಮನ ಸೊಸೆ ತನುಜಂಗೆ ಆದದ್ದು. ಮೊನ್ನೆ ಮೊನ್ನೆ.

ಆ ಹುಡುಗಿಗೆ ಇದ್ದದ್ದು ಒಂದೇ ಆಸೆ. ಗುಜರಾತಿನಲ್ಲಿ ಕಛ್ ಅಂತ ಒಂದು ಸೀಮೆ ಐತಂತೆ, ಅದನ್ನ ನೋಡಬೇಕು. ಮಳೆ ಇಲ್ಲ, ಮರ ಇಲ್ಲ, ಕಣ್ಣು ಹರಿದಷ್ಟು ದೂರ ಬೆಳ್ಳನೆ ಉಪ್ಪಿನ ಬಯಲು. ಗುಂಡನೆ ಮಣ್ಣಿನ ಮನೆಗಳು, ಗೋಡೆ ತುಂಬ ಕನ್ನಡಿ ಚೂರು. ಅಲ್ಲಿನ ಹೆಂಗಸರು ಬಟ್ಟೆ ಮೇಲೆ ಹಾಕೋ ಕಸೂತಿ ನೋಡಿದ್ರೆ ಕಣ್ಣು ಕೀಳಕ್ಕಾಗಲ್ಲ ಅಂತಿದ್ಳು. ತನುಜ ಮನೇಲೇ ರವಿಕೆಗೆ ಕಸೂತಿ ಹಾಕಿಕೊಡ್ತಿದ್ಳು. ಶಿಡ್ಲಘಟ್ಟದ ಆಸ್ಮಾ, ರೇಷ್ಮೆ ಗೂಡಿಂದ ನೂಲು ಬಿಚ್ಚೋರ ಮನೆ ಹುಡುಗಿ, ಹೊಲಿಗೆ ಕಲಿಯುವಾಗ ಗೆಳತಿ ಆದೋಳು. ಇಬ್ಬರೂ ಸೇರಿ, ಅಲ್ಲಿ ಹಂಸಾಬೆನ್ ಅನ್ನೋರ ಮನೇಲಿ ಇದ್ದು ಆ ಕೆಲಸ ಕಲಿತು ಬರೋದು ಅಂತ ಗೊತ್ತು ಮಾಡ್ಕೊಂಡಿದ್ರು.

ಮುನಿಶಾಮಮ್ಮ ಬಿಡ್ತಾಳಾ? "ನೀರಿಲ್ಲದ ಸೀಮೆ ನೋಡಕ್ಕೆ ರೈಲು ಹತ್ತಬೇಕೇನೇ? ನಮ್ಮ ಬಾವಿ ಒಳಗೆ ಬಗ್ಗಿ ನೋಡು, ಟಿಕೆಟ್ಟೂ ಬೇಡ," ಅಂತ ಚುಚ್ಚೋಳು. ಆದ್ರೆ ಬೇಡ ಅನ್ನಲಿಲ್ಲ. ಗಂಡ ಭಾನುಪ್ರಕಾಶನೂ ಹೂಂ ಅಂದ. ಒಂದೇ ಕರಾರು. ರೇಷ್ಮೆ ಹುಳ ಸಾಕೋ ಮನೆ ಅಲ್ವಾ... ಈ ಬೆಳೆ ಗೂಡು ಬಿಡಿಸಬೇಕು, ಮುಂದಿನ ಮರಿ ಹುಳ ಮನೆಗೆ ಬರೋದರೊಳಗೆ ಹೋಗಿ ಬಂದುಬಿಡಬೇಕು.

ಅವರ ಮನೆ ತಗ್ಗಲ್ಲಿ. ಫೋನಿಗೆ ಸಿಗ್ನಲ್ ಬರಲ್ಲ. ಸಿಗ್ನಲ್ ಬೇಕು ಅಂದ್ರೆ ಆಲದ ಮರದ ಹತ್ರ ಹಳೇ ಬಾವಿ ಕಟ್ಟೆಗೆ ಹೋಗಬೇಕು. ಆ ಬಾವೀಲಿ ನೀರು ಕಂಡೋರು ಈಗ ಯಾರೂ ಇಲ್ಲ. ತಳದಲ್ಲಿ ಬರೀ ಕಲ್ಲು, ಜಾಲಿ. ಮೇಲೆ ಒಂದು ತುಕ್ಕು ಹಿಡಿದ ರಾಟೆ, ಅದಕ್ಕೆ ಹಗ್ಗ ಕೂಡ ಇಲ್ಲ. ಅಲ್ಲಿ ಕೂತ್ಕೊಂಡೇ ತನುಜ ದಿನಾ ಆಸ್ಮಾ ಜೊತೆ ಮಾತು... ಯಾವ ರೈಲು, ಎಲ್ಲಿ ಇಳಿಯೋದು, ಚಳಿಗೆ ಏನು ಹೊದ್ಕೊಳೋದು, ಅಲ್ಲಿನ ನೀರು ಒಗ್ಗುತ್ತೋ ಇಲ್ವೋ.

ಅವತ್ತು ಹುಳ ನಾಲ್ಕನೇ ಜ್ವರ ಎದ್ದಿದ್ವು. ಜ್ವರ ಅಂದ್ರೆ ಕಾಯಿಲೆ ಅಲ್ಲ, ಹುಳ ಪೊರೆ ಬಿಡೋ ಹೊತ್ತು. ಆಮೇಲೆ ಅವಕ್ಕೆ ಬಕಾಸುರನ ಹಸಿವು. ಹಿಪ್ಪುನೇರಳೆ ಸೊಪ್ಪು ಹಾಕಿ ಹಾಕಿ ಹೊತ್ತಾಗಿಹೋಯ್ತು. ಊರು ಮಲಗಿದ ಮೇಲೆ ತನುಜ ಬಾವಿ ಕಡೆ ಹೋದ್ಳು. ಕಾಲ ಕೆಳಗೆ ಒಣ ಎಲೆ... ಚರಕ್, ಚರಕ್. ದೂರದಲ್ಲಿ ಯಾರದೋ ಬೋರಿನ ಮೋಟರು ಗುಂಯ್ ಅಂತಿತ್ತು. ಆಸ್ಮಾ ಜೊತೆ ಮಾತು ಮುಗಿಸಿ ಫೋನು ಇಟ್ಟಳು. ಅಷ್ಟೊತ್ತಿಗೆ ಆ ಮೋಟರೂ ನಿಂತುಹೋಯ್ತು.

ಕಿರ್ರ್... ಅಂತು ರಾಟೆ.

"ಎಲ್ಲಿಗಮ್ಮ, ಹೊರಟಿದ್ದು?"

ಕಟ್ಟೆಯ ಆ ಕಡೆ ಯಾರೋ ಕೂತಿದ್ದಾರೆ. ತಲೆ ಮೇಲೆ ಸೆರಗು, ಪಕ್ಕದಲ್ಲಿ ಬಿಂದಿಗೆ. ಮುಖ ಕಾಣಲ್ಲ. ಮಾತಲ್ಲಿ ತೆಲುಗಿನ ಎಳೆತ. ಸೊಪ್ಪು ಕೊಯ್ಯಕ್ಕೆ ಗಡಿ ಕಡೆಯಿಂದ ಆಳುಗಳು ಬಂದಿದ್ರು, ಅವರಲ್ಲಿ ಒಬ್ಬಳು ಅನ್ಕೊಂಡ್ಳು ತನುಜ. ಹೊರಟೋರನ್ನ ಎಲ್ಲಿಗೆ ಅಂತ ಕೇಳಬಾರದು ಅನ್ನೋದು ಇವಳಿಗೆ ಗೊತ್ತಿಲ್ವಾ ಅಂತ ಒಂಚೂರು ಸಿಟ್ಟೂ ಬಂತು. ಆದ್ರೂ ಹೇಳಿದ್ಳು. ದೂರ, ಉಪ್ಪಿನ ಸೀಮೆಗೆ, ಅಂತ.

"ಬಾವಿ ಐತಾ ಅಲ್ಲಿ?"

ಐತಂತೆ, ಹೆಂಗಸರು ಬೆಳಗಾದ್ರೆ ನೀರಿಗೆ ಹೋಗ್ತಾರಂತೆ, ಅಂದ್ಳು.

ಅವಳು ಬಿಂದಿಗೇನ ಹತ್ರಕ್ಕೆ ಎಳ್ಕೊಂಡ್ಳು. ಎದ್ದು ಹೋಗಲಿಲ್ಲ.

ನಮ್ಮ ಕಡೆ ಹೆಂಗೆ ಗೊತ್ತಲ್ಲ. ಉಣ್ಣುವಾಗ ಯಾರಾದ್ರೂ ಬಂದ್ರೆ ಬಾರಮ್ಮ ಊಟಕ್ಕೆ ಅಂತೀವಿ. ಊರಿಗೆ ಹೊರಟಾಗ ಎದುರಿಗೆ ಸಿಕ್ಕಿದ್ರೆ ನೀನೂ ಬಾರಮ್ಮ ಅಂತೀವಿ. ಅದು ಬಾಯಿಮಾತು. ಕರೆದೋರಿಗೂ ಗೊತ್ತು, ಕರೆಸಿಕೊಂಡೋರಿಗೂ ಗೊತ್ತು. ಇಲ್ಲಮ್ಮ, ನೀವು ಹೋಗ್ಬನ್ನಿ ಅಂದ್ಬಿಟ್ರೆ ಮುಗೀತು. ತನುಜನೂ ಏಳ್ತಾ ಏಳ್ತಾ ಹಂಗೇ ಅಂದ್ಬಿಟ್ಳು.

"ನೀನೂ ಬಾರಮ್ಮ. ಒಟ್ಟಿಗೆ ಹೋಗಣ."

"ಸರೆ," ಅಂದ್ಳು ಅವಳು. "ಬರ್ತೀನಿ."

ಚಪ್ಪಲಿ ಮೆಟ್ಟಿಕೊಂಡು ತನುಜ ತಲೆ ಎತ್ತಿದ್ಳು... ಕಟ್ಟೆ ಮೇಲೆ ಯಾರೂ ಇಲ್ಲ. ಫೋನಿನ ಬೆಳಕು ಬಿಟ್ಟು ನೋಡಿದ್ಳು. ಒಣಗಿದ ಕಲ್ಲಿನ ಮೇಲೆ ಬಿಂದಿಗೆ ಇಟ್ಟು ಎತ್ತಿದ ಗುರುತು. ಗುಂಡನೆ. ಒದ್ದೆ.

ಮನೆಗೆ ಓಡಿ ಬಂದು ಅತ್ತೆಗೆ ಹೇಳಿದ್ಳು. ಮುನಿಶಾಮಮ್ಮ ಎಲೆಗೆ ಸುಣ್ಣ ಸವರ್ತಿದ್ದೋಳು ಕೈ ನಿಲ್ಲಿಸಿದ್ಳು. ಏನಂತ ಕರೆದೆ, ಅದೇ ಮಾತಲ್ಲಿ ಹೇಳು ಅಂದ್ಳು. ಹೇಳಿದ ಮೇಲೆ ಪಿಸುದನಿ ಮಾಡಿ, ತನ್ನ ಅತ್ತೆ ಬಾಯಲ್ಲಿ ಕೇಳಿದ್ದನ್ನ ಹೇಳಿದ್ಳು.

ಬಾವೀಲಿ ನೀರಿದ್ದ ಕಾಲದಲ್ಲಿ ಇದೇ ಮನೇಲಿ ಮುನಿಗಂಗಮ್ಮ ಅಂತ ಒಬ್ಬ ಸೊಸೆ. ಗಡಿ ಕಡೆಯೋಳು. ಮನೆಮಂದಿ ಎಲ್ಲ ಕದಿರಿ ನರಸಿಂಹಸ್ವಾಮಿ ದರ್ಶನಕ್ಕೆ ಗಾಡಿ ಕಟ್ಟಿದ್ರು. ನೀನೂ ಬಾರಮ್ಮ, ದಾರಿಗೆ ಒಂದು ಬಿಂದಿಗೆ ನೀರು ತಗೊಂಡು ಬಾ ಅಂದ್ರಂತೆ. ಬೇಸಿಗೆ. ಬಾವಿ ತಳದಲ್ಲಿ ನೀರು. ಮೆಟ್ಟಿಲು ಇಳಿದು ಚೊಂಬಲ್ಲಿ ಗೋರಿ ಗೋರಿ ತುಂಬಬೇಕು. ಮುಂದಿನ ಗಾಡಿಯೋರು ಹಿಂದಿನ ಗಾಡೀಲಿ ಇದ್ದಾಳೆ ಅನ್ಕೊಂಡ್ರು, ಹಿಂದಿನೋರು ಮುಂದೆ ಇದ್ದಾಳೆ ಅನ್ಕೊಂಡ್ರು. ಹೊರಟೇಬಿಟ್ರು. ದರ್ಶನ ಮುಗಿಸಿ ವಾಪಸ್ ಬಂದಾಗ ಬಿಂದಿಗೆ ತುಂಬಿ ಕಟ್ಟೆ ಮೇಲೆ ಇತ್ತಂತೆ. ಅವಳು ಕೆಳಗಿದ್ಳು.

"ಅವಳನ್ನ ಆಮೇಲೆ ಯಾರೂ ಎಲ್ಲಿಗೂ ಕರೆದಿರಲಿಲ್ಲ ಕಣೇ," ಅಂದ್ಳು ಮುನಿಶಾಮಮ್ಮ.

ಅವತ್ತಿಂದ ಶುರು. ಎಲ್ಲ ಮಲಗಿದ ಮೇಲೆ ಹೊಸ್ತಿಲ ಹತ್ರ ಸದ್ದು... ಟಣ್. ಹಿತ್ತಾಳೆ ಬಿಂದಿಗೇನ ಕಲ್ಲಿನ ಮೇಲೆ ಇಟ್ಟ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲ ಸಂದೀಲಿ ಒಂದು ಉಸಿರು.

"ಹೊರಡೋಣ್ವಾ?"

ತನುಜ ಹೊದಿಕೆ ಕಚ್ಚಿ ಮಲಗ್ತಿದ್ಳು. ಕೊನೆಗೆ ತಡೀಲಾರದೆ ಗಂಡನ ಬೈಕ್ ಹತ್ತಿ ಶಿಡ್ಲಘಟ್ಟಕ್ಕೆ ಹೋದ್ಳು. ಆಸ್ಮಾ ಕೈ ಹಿಡ್ಕೊಂಡು, ನಾನು ಬರಲ್ಲ ಕಣೇ, ಪ್ರಯಾಣ ಬೇಡ ಅಂತ ಎಲ್ಲ ಹೇಳಿದ್ಳು. ಆಸ್ಮಾ ನಗಲಿಲ್ಲ. ಮೆಲ್ಲಗೆ ಅಂದ್ಳು, "ನೀನು ಬಾವಿ ಹತ್ರ ಫೋನ್ ಮಾಡಿದಾಗೆಲ್ಲ ನಿನ್ನ ಪಕ್ಕ ಇನ್ನೊಬ್ರು ಉಸಿರಾಡೋದು ಕೇಳ್ತಿತ್ತು. ನಿಮ್ಮತ್ತೆ ಅನ್ಕೊಂಡಿದ್ದೆ."

ಪ್ರಯಾಣ ಬೇಡ ಅಂದು ಬಂದ ರಾತ್ರಿ ತನುಜಂಗೆ ತಟ್ಟನೆ ಎಚ್ಚರ ಆಯ್ತು. ಯಾವುದೋ ಸದ್ದಿಗಲ್ಲ... ಸದ್ದು ಇಲ್ಲದ್ದಕ್ಕೆ. ಹುಳ ಸೊಪ್ಪು ತಿನ್ನೋ ಸದ್ದು ನಿಮಗೆ ಗೊತ್ತು, ಸರಸರ ಸರಸರ, ಒಣಗಿದ ಎಲೆ ಮೇಲೆ ತುಂತುರು ಬಿದ್ದಂಗೆ. ಆ ಮನೇಲಿ ಅದಿಲ್ಲದೆ ಯಾರಿಗೂ ನಿದ್ದೆ ಬರಲ್ಲ. ಅದು ನಿಂತುಹೋಗಿತ್ತು.

ಗಂಡನ್ನ ಎಬ್ಬಿಸಿಕೊಂಡು ಹುಳದ ಮನೆಗೆ ಹೋದ್ಳು. ಲೈಟು ಹಾಕಿದ್ರು. ಒಂದು ಹುಳನೂ ತಿಂತಾ ಇಲ್ಲ. ಅಷ್ಟೂ ತಲೆ ಎತ್ತಿವೆ. ಅಷ್ಟೂ ಬಾಗಿಲ ಕಡೆ ತಿರುಗಿವೆ. ಭಾನುಪ್ರಕಾಶ ಸೊಪ್ಪು ಮುಟ್ಟಿ ನೋಡಿದ. ನೀರು ತೊಟ್ಟಿಕ್ಕುತ್ತಿತ್ತು. ಒದ್ದೆ ಸೊಪ್ಪು ತಿಂದ್ರೆ ಹುಳ ಕೊಳೆತು ಹೋಗುತ್ತೆ, ಬೆಳೆ ಪೂರ್ತಿ ತಿಪ್ಪೆಗೆ. ಹೊರಗೆ ಒಂದು ಹನಿ ಮಳೆ ಇಲ್ಲ, ಮೋಡ ಕೂಡ ಇಲ್ಲ.  

ಮುನಿಶಾಮಮ್ಮ ಎದ್ದು ಬಂದ್ಳು. ನೋಡಿದ್ಳು. ಸೊಸೆ ರಟ್ಟೆ ಹಿಡಿದು ಬಾಗಿಲಿಗೆ ಎಳ್ಕೊಂಡು ಬಂದು ನಿಲ್ಲಿಸಿದ್ಳು. "ಕರೆದು ಬಿಟ್ಟುಹೋದ ತಪ್ಪು ಈ ಮನೇಲಿ ಒಂದು ಸಲ ಆಗೈತೆ. ಇನ್ನೊಂದು ಸಲ ಬೇಡ. ಹೇಳು."

ತನುಜ ಕತ್ತಲೆ ಕಡೆ ನೋಡ್ಕೊಂಡು ಹೇಳಿದ್ಳು.  "ಹೊರಡ್ತೀವಮ್ಮ. ಗೂಡು ಬಿಡಿಸ್ಲಿ. ನಿನ್ನನ್ನ ಬಿಟ್ಟು ಹೋಗಲ್ಲ."

ಒಂದು ಗಳಿಗೆ ಏನೂ ಇಲ್ಲ... ಆಮೇಲೆ ಹಿಂದೆ, ಹುಳದ ಮನೇಲಿ, ಸರಸರ... ಸರಸರ.

ಗೂಡು ಚೆನ್ನಾಗಿ ಬಂತು. ಒದ್ದೆ ಸೊಪ್ಪು ತಿಂದ್ರೂ ಒಂದೂ ಕೆಡಲಿಲ್ಲ. ಬಾಗಿಲಲ್ಲಿ ಮಾತು ಕೊಟ್ಟ ವಿಷಯ ಆಸ್ಮಾಗೂ ಹೇಳಿದ್ರು. ನೀನು ಒಬ್ಬಳೇ ಅವಳ ಜೊತೆ ಹೋಗೋದು ಬೇಡ, ನಾನೂ ಇದೀನಿ ಅಂದ್ಳು ಆ ಹುಡುಗಿ.

ಹೊರಡೋ ದಿನ ಮುನಿಶಾಮಮ್ಮ ಸೊಸೆ ಹಣೆಗೆ ಕುಂಕುಮ ಇಟ್ಟು ಒಂದೇ ಮಾತು ಹೇಳಿದ್ಳು. ಗಾಡಿ ಹತ್ತುವಾಗೆಲ್ಲ ಅವಳನ್ನ ಕೂಗಿ ಕರೀಬೇಕು. ಕರೀದೆ ಹತ್ತಬೇಡ. ತನುಜ ಬಾವಿ ಹತ್ರ ನಿಂತು, ಬಾರಮ್ಮ ಹೊರಡೋಣ ಅಂದ್ಳು. ರಾಟೆ ಕಿರ್ರ್ ಅಂತು. ಅಷ್ಟೆ.

ರೈಲಲ್ಲಿ ರಾತ್ರಿ ಪೂರ್ತಿ ಸೀಟಿನ ಕೆಳಗೆ ಗುಳು ಗುಳು ಅಂತ ನೀರು ತುಳುಕೋ ಸದ್ದು. ಕೆಳಗೆ ಬ್ಯಾಗು ಬಿಟ್ರೆ ಏನಿಲ್ಲ. ಇಬ್ಬರೂ ಒಂದೇ ಕಂಬಳೀಲಿ, ಕಾಲು ಮೇಲಕ್ಕೆ ಎಳ್ಕೊಂಡು ಕೂತ್ಕೊಂಡೇ ಹೋದ್ರು.

ಅಲ್ಲಿ ಹಂಸಾಬೆನ್ ಒಳ್ಳೆ ಹೆಂಗಸಂತೆ. ಇವರಿಬ್ಬರೂ ಹಗಲೆಲ್ಲ ಸೂಜಿ ಹಿಡಿದು ಕೂರೋರು. ಕನ್ನಡಿ ಚೂರು ಹೆಂಗೆ ಕಚ್ಚಿಸೋದು, ನವಿಲು ಹೆಂಗೆ ಬಿಡಿಸೋದು, ಎಲ್ಲ ಕಲಿತ್ರು. ಬೆಳಗಿನ ಜಾವ ಮಾತ್ರ ಹೊಸ್ತಿಲ ಹತ್ರ ಟಣ್ ಅನ್ನೋದು. ಎದ್ದು ನೋಡಿದ್ರೆ ಹಂಸಾಬೆನ್ ಮನೆ ಕೊಡ ಎಲ್ಲ ತುಂಬಿರೋದು. ಆಯಮ್ಮ ಇವರೇ ತಂದ್ರು ಅನ್ಕೊಂಡು ಕೆನ್ನೆ ಸವರೋಳು. ಇವರು ತಲೆ ತಗ್ಗಿಸೋರು.

ವಾಪಸ್ ಹೊರಡೋ ದಿನ ಕಾರಿನೋನು ಹಾರ್ನ್ ಮೇಲೆ ಹಾರ್ನ್. ರೈಲು ತಪ್ಪುತ್ತೆ ಅಂತ ಗಲಾಟೆ. ಬ್ಯಾಗು ಎಸೆದ್ರು, ಹತ್ತಿದ್ರು, ಹೊರಟ್ರು. ರೈಲಲ್ಲಿ ಕೆಳಗೆ ಯಾವ ಸದ್ದೂ ಇಲ್ಲ. ಎಷ್ಟೋ ದಿನದ ಮೇಲೆ ತನುಜ ಚೆನ್ನಾಗಿ ನಿದ್ದೆ ಮಾಡಿದ್ಳು. ಮನೇಲೂ ಅಷ್ಟೇ, ಹೊಸ್ತಿಲು ಸುಮ್ಮನಿತ್ತು. ರಾಟೆ ಸುಮ್ಮನಿತ್ತು. ಗಾಳಿ ಬೀಸಿದ್ರೂ ಸುಮ್ಮನಿತ್ತು.

ಒಂದು ಸಂಜೆ ಬಾವಿ ಕಟ್ಟೆ ಮೇಲೆ ಕೂತಿದ್ದಾಗ ಆಸ್ಮಾ ಫೋನು ಬಂತು. ದನಿ ಒಣಗಿತ್ತು. ಹಂಸಾಬೆನ್ ಫೋನ್ ಮಾಡಿದ್ರು ಅಂದ್ಳು. ಆಯಮ್ಮ ಹಿಂದೀಲಿ ಹೇಳಿದ್ದನ್ನ ಹಂಗೇ ಹೇಳಿದ್ಳು. ನಿಮ್ಮ ಜೊತೆ ಬಂದ ಹೆಂಗಸನ್ನ ಇಲ್ಲೇ ಬಿಟ್ಟು ಹೋಗಿದ್ದೀರಲ್ಲ. ನೀರೇನೋ ತಂದು ತುಂಬ್ತಾಳೆ, ಪಾಪ, ಒಂದು ತುತ್ತು ತಿನ್ನಲ್ಲ. ಕತ್ತಲಾದ್ರೆ ಹೊಸ್ತಿಲ ಮೇಲೆ ಕೂತು ದಾರಿ ನೋಡ್ತಾಳೆ. ಏನೋ ಕೇಳ್ತಾಳೆ, ನಮಗೆ ಭಾಷೆ ತಿಳಿಯಲ್ಲ. ಒಂದೇ ಮಾತು, ತಿರುಗಿ ತಿರುಗಿ.

"ಏನಂತೆ ಆ ಮಾತು?" ಅಂದ್ಳು ತನುಜ. ಗೊತ್ತಿದ್ದೂ ಕೇಳಿದ್ಳು.

"ಹಂಸಾಬೆನ್ ಬಾಯಲ್ಲಿ ಸರಿಯಾಗಿ ಬರ್ಲಿಲ್ಲ ಕಣೇ..." ಆಸ್ಮಾ ಅಳ್ತಿದ್ಳು. "ಹೊರ... ಡೋಣ್ವಾ."

ಕರೀದೆ ಗಾಡಿ ಹತ್ತಿದ್ರಲ್ಲ.

ಆಮೇಲೇನು. ಈ ಬೆಳೆ ಗೂಡು ಬಿಡಿಸಿದ ಮೇಲೆ ಮತ್ತೆ ಹೊರಡ್ತಾರೆ. ಮುನಿಶಾಮಮ್ಮನೇ ಕಳಿಸ್ತಿದ್ದಾಳೆ. ಬೇಕಾದ್ರೆ ನಂಬಿ, ಬೇಡಾದ್ರೆ ಬಿಡಿ. ಟಿಕೆಟ್ಟು ಅವರ ಮನೆ ದೇವರ ಗೂಡಲ್ಲಿ ಐತೆ, ನಾನೇ ಕೈಯಲ್ಲಿ ಹಿಡಿದು ನೋಡಿದೀನಿ. ನನಗೆ ಓದಕ್ಕೆ ಬರಲ್ಲ, ಎಣಿಸಕ್ಕೆ ಬರುತ್ತಲ್ಲ. ಹೋಗೋ ಚೀಟೀಲಿ ಎರಡು ಹೆಸರು. ಬರೋ ಚೀಟೀಲಿ ಮೂರು.